ಜೆ.ಸಿ. ರೋಡಿನ ಆ ಅಣ್ಣನಿಗೆ

ಶನಿವಾರ ಜೆ.ಸಿ. ರೋಡಿನ ಸ್ಪೇರ್ ಪಾರ್ಟ್ಸ್ ಅಂಗಡಿ ಮುಂದೆ ಫೋನ್ ಹಿಡಿದು ಪೆಚ್ಚಾಗಿ ನಿಂತಿದ್ದವನು ನಾನೇ. ನೀವು ಹೆಸರು ಹೇಳಲಿಲ್ಲ, ನನಗೂ ಕೇಳಲು ತೋಚಲಿಲ್ಲ.

ಎಂಜಿನ್ನಿನ ಕ್ರ್ಯಾಂಕ್ (ಪಿಸ್ಟನ್‌ಗಳು ತಿರುಗಿಸುವ ದಂಡ), ಕ್ಯಾಮ್ (ವಾಲ್ವ್ ತೆರೆಯುವ ದಂಡ) ಎರಡನ್ನೂ ತಾಳ ತಪ್ಪದಂತೆ ತಿರುಗಿಸುವ ಟೈಮಿಂಗ್ ಚೈನ್ ಹೊಸದು ಹಾಕಿ, ಅದರ ಬಣ್ಣದ ಕೊಂಡಿಗಳನ್ನು ಅವುಗಳ ಹಲ್ಲುಚಕ್ರದ ಗುರುತುಗಳಿಗೆ ಕೂರಿಸಿದ್ದೆ. ಚೈನ್ ಬಿಗಿ ಹಿಡಿಯುವ ಟೆನ್ಷನರಿನ ಪಿನ್ ಎಳೆದು, ಸ್ಪ್ಯಾನರಿನಲ್ಲಿ ಕ್ರ್ಯಾಂಕ್ 2 ಸುತ್ತು ತಿರುಗಿಸಿದರೆ ಕೊಂಡಿ ಎಲ್ಲೋ, ಗುರುತು ಎಲ್ಲೋ! ಎದೆ ಧಸಕ್ಕೆಂದಿತು.

ನೀವು ಫೋಟೋ ನೋಡಿ ನಕ್ಕಿರಿ. "ಬಣ್ಣ ಇರೋದು ಜೋಡಿಸೋಕೆ ಮಾತ್ರ ಕಣಪ್ಪ. ಅದು ಮತ್ತೆ ಕೂಡಿಬರೋಕೆ ಎಷ್ಟೋ ಸುತ್ತು ಬೇಕು. ಕ್ರ್ಯಾಂಕ್ 2 ಸುತ್ತಿಗೆ ಕ್ಯಾಮ್ 1 ಸುತ್ತು. ಹಲ್ಲುಚಕ್ರದ ಗುರುತು ನೋಡು, ಸಾಕು."

ಆಮೇಲೆ ಫೋಟೋ ದೊಡ್ಡದು ಮಾಡಿ ಸುಮ್ಮನಾದಿರಿ. ಎಕ್ಸಾಸ್ಟ್ ಕ್ಯಾಮ್ (ಹೊಗೆ ಹೊರಬಿಡುವ ವಾಲ್ವ್‌ಗಳದ್ದು) ನಿಜಕ್ಕೂ 1 ಹಲ್ಲು ಹಿಂದಿತ್ತು! ಚೈನಿನ ಸಡಿಲವೆಲ್ಲ ಟೆನ್ಷನರ್ ಕಡೆಗೇ ಇರಬೇಕಿತ್ತು, ನಾನು ಇನ್ನೊಂದು ಕಡೆ ಬಿಟ್ಟಿದ್ದೆ. ಜಾಸ್ತಿ ಹಲ್ಲು ತಪ್ಪಿದ್ದರೆ ವಾಲ್ವ್ ಪಿಸ್ಟನ್‌ಗೆ ಬಡಿದು ಬಗ್ಗುತ್ತಿತ್ತು, ಅಲ್ವಾ?

ಭಾನುವಾರ ಬಿಚ್ಚಿ ಸರಿಮಾಡಿದೆ. ಎಂಜಿನ್ ಒಂದೇ ಸಲಕ್ಕೆ ಹತ್ತಿಕೊಂಡಿತು, ಗಡಗಡ ಸದ್ದೂ ಇಲ್ಲ. ತುಂಬಾ ಥ್ಯಾಂಕ್ಸ್ ಅಣ್ಣ. ಅವತ್ತು ಕಾಫಿ ಬೇಡ ಅಂದು ಹೊರಟೇಬಿಟ್ಟಿರಿ, ಅದು ಬಾಕಿ ಇದೆ.