ಮಂಗನ ಕಾಯಿಲೆಯ ಹೊಸ ಲಸಿಕೆ: ಫಲಿತಾಂಶ ನಮಗೂ ತಿಳಿಯಲಿ

ಶಿವಮೊಗ್ಗ ಲೋಕಸಭಾ ಕ್ಷೇತ್ರದ ಸಂಸದರಿಗೆ ಒಂದು ಬಹಿರಂಗ ಪತ್ರ

ಮಾನ್ಯರೇ,

ನಮ್ಮ ಮನೆಯ ಟ್ರಂಕಿನಲ್ಲಿ ಪಹಣಿ ಮತ್ತು ಸೊಸೈಟಿ ಪಾಸ್‌ಬುಕ್ಕುಗಳ ನಡುವೆ ನನ್ನ ತಾಯಿಯವರ ಮಂಗನ ಕಾಯಿಲೆ ಲಸಿಕೆಯ ಚೀಟಿಯೊಂದು ಈಗಲೂ ಇದೆ. ಎರಡು ಡೋಸುಗಳ ತಾರೀಖು ನೀಲಿ ಶಾಯಿಯಲ್ಲಿದ್ದು, ಬೂಸ್ಟರ್‌ನ ಜಾಗ ಖಾಲಿ ಉಳಿದಿದೆ. ಚುಚ್ಚಿಸಿಕೊಂಡ ತೋಳು ಮೂರು ದಿನ ಮೇಲೇಳದೆ, ಸುಗ್ಗಿಯ ನಡುವೆ ಅಡಿಕೆ ಸುಲಿಯುವ ಮೆಟ್ಟುಗತ್ತಿಯ ಮುಂದೆ ಕೂರಲಾಗಲಿಲ್ಲ ಎಂಬುದು ಅವರು ಮತ್ತೆ ಹೋಗದಿರಲು ಕೊಟ್ಟ ಕಾರಣ. ಬೂಸ್ಟರ್ ಬಿಟ್ಟರೆ ಏನಾಗುತ್ತದೆ ಎಂದು ಅವರಿಗೆ ಯಾರೂ ಹೇಳಿರಲಿಲ್ಲ.

ಹೇಳಲು ಲೆಕ್ಕವಂತೂ ಇತ್ತು. ನಮ್ಮ ಭಾಗದಲ್ಲೇ ನಡೆದ ಕ್ಷೇತ್ರ ಪ್ರಯೋಗದ ವರದಿ 1994ರಲ್ಲಿ ಪ್ರಕಟವಾದಾಗ ಎರಡು ಡೋಸಿನಿಂದ ಶೇ 93.5ರಷ್ಟು ರಕ್ಷಣೆ ಸಿಗುತ್ತದೆ ಎಂದಿತ್ತು. 2005ರಿಂದ 2010ರವರೆಗಿನ ಲಸಿಕಾ ಕಾರ್ಯಕ್ರಮವನ್ನೇ ಅಳೆದುನೋಡಿ 2013ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಆ ಅಂಕಿ ಶೇ 62.4ಕ್ಕೆ ಇಳಿದಿತ್ತು, ಬೂಸ್ಟರ್ ಪಡೆದವರಲ್ಲಿ ಮಾತ್ರ ಶೇ 82.9ರಷ್ಟಿತ್ತು. ಚೀಟಿಯ ಆ ಖಾಲಿ ಜಾಗದ ಬೆಲೆ ಇಷ್ಟು. ಎರಡೂ ಲೆಕ್ಕಗಳು ಇಂಗ್ಲಿಷ್ ನಿಯತಕಾಲಿಕೆಗಳಲ್ಲಿ ಉಳಿದವೇ ಹೊರತು ಅರಳಗೋಡಿಗೋ ಸೊರಬದ ಹಳ್ಳಿಗಳಿಗೋ ಬರಲಿಲ್ಲ. 1957ರಲ್ಲಿ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯತೊಡಗಿದಂದಿನಿಂದ ರಕ್ತದ ಮಾದರಿ ಕೊಡುತ್ತ ಬಂದವರು ಇದೇ ಊರುಗಳ ಜನ.

ಆ ಹಳೆಯ ಲಸಿಕೆ ಈಗ ಬಳಕೆಯಲ್ಲಿಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ಮತ್ತು ಹೈದರಾಬಾದಿನ ಲಸಿಕಾ ಕಂಪನಿ ಇಂಡಿಯನ್ ಇಮ್ಯುನೊಲಾಜಿಕಲ್ಸ್ ಸೇರಿ ಹೊಸದೊಂದನ್ನು ರೂಪಿಸುತ್ತಿವೆ. ಅದು ಬೇಗ ಬರಲಿ ಎಂದು ಈ ಕಾಯಿಲೆ ಹರಡುವ ಉಣುಗಿನ ಕಾಲ ಬಂದಾಗಲೆಲ್ಲ, ಉಣುಗು ಹತ್ತದಂತೆ ಡೆಪಾ ಎಣ್ಣೆ ಹಚ್ಚಿಕೊಂಡು ಕಾಡಿಗೆ ದರಕು, ಅಂದರೆ ಒಣಗಿದ ಎಲೆ, ತರಲು ಹೋಗುವ ಎಲ್ಲರೂ ಬಯಸುತ್ತಾರೆ, ನಾನೂ ಬಯಸುತ್ತೇನೆ. ಈ ಪತ್ರ ಲಸಿಕೆಯ ವಿರುದ್ಧದ್ದಲ್ಲ ಎಂದು ಮೊದಲೇ ಸ್ಪಷ್ಟಪಡಿಸುತ್ತೇನೆ, ಏಕೆಂದರೆ ಇಂಥ ವಿಷಯದಲ್ಲಿ ಪ್ರಶ್ನೆ ಕೇಳಿದವರಿಗೆ ಆ ಹಣೆಪಟ್ಟಿ ಬೇಗ ಅಂಟುತ್ತದೆ. ನನ್ನ ಪ್ರಶ್ನೆ ಇಷ್ಟೇ: ಲಸಿಕೆಯ ಪ್ರಯೋಗದ ಫಲಿತಾಂಶ ಜನರಿಗೆ ತಿಳಿಯುವುದು ಹೇಗೆ?

ಭಾರತದಲ್ಲಿ ಔಷಧ ಪ್ರಯೋಗಗಳ ಸಾರ್ವಜನಿಕ ನೋಂದಣಿ, ಅಂದರೆ ಸಿಟಿಆರ್‌ಐ, ಶುರುವಾದದ್ದು 2007ರ ಜುಲೈನಲ್ಲಿ. 2009ರ ಜೂನ್‌ನಿಂದ ನೋಂದಣಿ ಕಡ್ಡಾಯವಾಯಿತು. ಮೊದಲ ವ್ಯಕ್ತಿಯನ್ನು ಪ್ರಯೋಗಕ್ಕೆ ಸೇರಿಸಿಕೊಳ್ಳುವ ಮೊದಲೇ ನೋಂದಣಿ ಆಗಿರಬೇಕೆಂಬ ಷರತ್ತನ್ನು 2019ರ ಹೊಸ ಔಷಧಗಳು ಮತ್ತು ಕ್ಲಿನಿಕಲ್ ಪ್ರಯೋಗಗಳ ನಿಯಮಗಳೂ ಹಾಕಿವೆ. ಇಷ್ಟು ಚೆನ್ನಾಗಿದೆ. ಆದರೆ ಪ್ರಯೋಗ ಮುಗಿದ ಮೇಲೆ ಫಲಿತಾಂಶವನ್ನೂ ಅದೇ ನೋಂದಣಿಯಲ್ಲಿ ಇಂತಿಷ್ಟು ದಿನದೊಳಗೆ ಜನರ ಮುಂದಿಡಬೇಕೆಂಬ ಷರತ್ತು ಆ ನಿಯಮಗಳಲ್ಲಿಲ್ಲ. ಮಳೆ ಬಿಡದೆ ಕರೆಂಟ್ ಹೋದ ಒಂದು ಸಂಜೆ ಮೊಬೈಲಿನಲ್ಲಿ ಆ ಜಾಲತಾಣದ ಕೆಲವು ಹಳೆಯ ದಾಖಲೆಗಳನ್ನು ತೆರೆದು ಕುಳಿತಿದ್ದೆ. ವರ್ಷಗಳ ಹಿಂದೆ ನೋಂದಣಿಯಾದ ಪ್ರಯೋಗದ ಮುಂದೆ ‘ಇನ್ನೂ ನೇಮಕಾತಿ ಶುರುವಾಗಿಲ್ಲ’ ಎಂಬರ್ಥದ ಇಂಗ್ಲಿಷ್ ಸಾಲು ಹಾಗೇ ಇತ್ತು. ಪ್ರಕಟಣೆಯ ವಿವರ ಕೇಳುವ ಕಡೆ ‘ನಿಲ್’ ಎಂದಿತ್ತು. ಆ ಪ್ರಯೋಗ ನಡೆಯಿತೋ, ನಡುವೆ ನಿಂತಿತೋ, ಔಷಧ ಕೆಲಸ ಮಾಡಿತೋ ಇಲ್ಲವೋ, ಓದುವವರಿಗೆ ಗೊತ್ತಾಗುವ ಬಗೆಯೇ ಇಲ್ಲ.

ಕೆಟ್ಟ ಫಲಿತಾಂಶ ಕಪಾಟಿನಲ್ಲಿ ಉಳಿದರೆ ಏನಾಗುತ್ತದೆ ಎಂಬುದಕ್ಕೆ ಬ್ರಿಟನ್ನಿನ ಒಂದು ಉದಾಹರಣೆ ಸಾಕು. 1980ರಲ್ಲಿ ಹೃದಯಾಘಾತವಾದವರಿಗೆ, ಹೃದಯ ಬಡಿತದ ಏರುಪೇರು ಸರಿಪಡಿಸುವ ಲೊರ್ಕೈನೈಡ್ ಎಂಬ ಔಷಧ ಕೊಟ್ಟು ನೋಡಿದರು. ನೂರಕ್ಕೂ ಕಡಿಮೆ ಜನರಿದ್ದ ಆ ಸಣ್ಣ ಪ್ರಯೋಗದಲ್ಲಿ ಔಷಧ ಪಡೆದವರ ಪೈಕಿ 9 ಮಂದಿ, ಹೋಲಿಕೆಗೆಂದು ಔಷಧವಿಲ್ಲದ ಹುಸಿಮಾತ್ರೆ ಪಡೆದವರಲ್ಲಿ ಒಬ್ಬರು ತೀರಿಕೊಂಡರು. ಸಾವುಗಳು ಆಕಸ್ಮಿಕವೆಂದು ಭಾವಿಸಿದರು, ಬೇರೆ ಕಾರಣಕ್ಕೆ ಔಷಧವನ್ನೂ ಕೈಬಿಟ್ಟರು, ವರದಿ ಅಲ್ಲಿಗೇ ನಿಂತಿತು. ಅದೇ ಬಗೆಯ ಔಷಧಗಳು ಮುಂದೆ ಅನೇಕರ ಪ್ರಾಣ ತೆಗೆದ ಮೇಲೆ, 1993ರಲ್ಲಿ ಆ ಸಂಶೋಧಕರೇ ಅದನ್ನು ಪ್ರಕಟಿಸಿ, ಮೊದಲೇ ತಿಳಿಸಿದ್ದರೆ ಮುನ್ಸೂಚನೆ ಸಿಗಬಹುದಿತ್ತು ಎಂದು ಒಪ್ಪಿಕೊಂಡರು. ಅವರೇನೂ ದುಷ್ಟರಲ್ಲ. ಕೇಳುವವರಿರಲಿಲ್ಲ, ಅಷ್ಟೇ.

ತಾವು ಕೇಳಬೇಕೆಂದೇ ಇದನ್ನು ಬರೆಯುತ್ತಿದ್ದೇನೆ. ಪ್ರಯೋಗ ಪೂರ್ಣಗೊಂಡ 12 ತಿಂಗಳೊಳಗೆ ಫಲಿತಾಂಶದ ಸಾರಾಂಶವನ್ನು ನೋಂದಣಿಯಲ್ಲಿ ಬಹಿರಂಗಪಡಿಸಬೇಕೆಂಬ ವಿಶ್ವ ಆರೋಗ್ಯ ಸಂಸ್ಥೆಯ 2017ರ ಜಂಟಿ ಹೇಳಿಕೆಗೆ ಐಸಿಎಂಆರ್ ಕೂಡ ಸಹಿ ಹಾಕಿದೆ. ಅಂದಿನಿಂದ ಎಷ್ಟು ಪ್ರಯೋಗಗಳು ಆ ಗಡುವಿನೊಳಗೆ ಫಲಿತಾಂಶ ಕೊಟ್ಟಿವೆ ಎಂದು ಲೋಕಸಭೆಯಲ್ಲಿ ಚುಕ್ಕೆ ಗುರುತಿನ ಪ್ರಶ್ನೆಯೊಂದನ್ನು ಕೇಳಿ, ಉತ್ತರವನ್ನು ಸದನದ ದಾಖಲೆಗೆ ಸೇರಿಸಿ. ಆ ಗಡುವನ್ನೇ 2019ರ ನಿಯಮಗಳಿಗೆ ಷರತ್ತಾಗಿ ಸೇರಿಸುವಂತೆ ಆರೋಗ್ಯ ಸಚಿವಾಲಯವನ್ನು ಒತ್ತಾಯಿಸಿ.

ಜಿಲ್ಲೆಯ ಮಟ್ಟಿಗೆ ಇನ್ನೊಂದು ಸಣ್ಣ ಕೆಲಸವಿದೆ, ನನ್ನ ಮಟ್ಟಿಗೆ ಅದೇ ದೊಡ್ಡದು. ಪ್ರಯೋಗಕ್ಕೆ ಒಪ್ಪಿಗೆ ಕೇಳುವಾಗ ನಮ್ಮ ಮುಂದೆ ಹಿಡಿಯುವ ಹಾಳೆ ನಮಗೆ ಅರ್ಥವಾಗುವ ಭಾಷೆಯಲ್ಲಿರಬೇಕೆಂದು ಕಾನೂನೇ ಹೇಳುತ್ತದೆ. ಸಹಿ ತೆಗೆದುಕೊಳ್ಳುವಾಗ ಬರುವ ಕನ್ನಡ, ಫಲಿತಾಂಶ ಹೇಳುವಾಗಲೂ ಬರಬೇಕಲ್ಲವೇ? ಹೊಸ ಲಸಿಕೆಯ ಪ್ರಯೋಗ ಮಲೆನಾಡಿಗೆ ಬರುವ ದಿನ, ಅದರ ನೋಂದಣಿ ಸಂಖ್ಯೆಯನ್ನೂ, ಮುಗಿದ ಮೇಲೆ ಎಷ್ಟು ಜನರಿಗೆ ಕೊಟ್ಟರು, ಎಷ್ಟು ರಕ್ಷಣೆ ಸಿಕ್ಕಿತು, ಏನೇನು ತೊಂದರೆಯಾಯಿತು ಎಂಬ ಒಂದು ಪುಟದ ಕನ್ನಡ ಸಾರಾಂಶವನ್ನೂ ಪ್ರತಿಯೊಂದು ಪ್ರಾಥಮಿಕ ಆರೋಗ್ಯ ಕೇಂದ್ರದ ಫಲಕದಲ್ಲಿ ಅಂಟಿಸುವ ವ್ಯವಸ್ಥೆಯನ್ನು, ಪ್ರಯೋಗ ಶುರುವಾಗುವ ಮೊದಲೇ ಬರಹದಲ್ಲಿ ಪಡೆದುಕೊಳ್ಳಬೇಕೆಂದು ಕೋರುತ್ತೇನೆ.

ಇಂತಿ,
ಸಾಗರ ತಾಲ್ಲೂಕಿನ ಒಬ್ಬ ಮತದಾರ