ಆ ಆಂಪ್ಯೂಲ್ ಬಗ್ಗೆ ನಿನಗೆ ಹೇಳಿರಲಿಲ್ಲ

ಪ್ರೀತಿಯ ಗೆಳೆಯ,

ವಾರ್ಡ್ ಇನ್‌ಚಾರ್ಜ್ ಆದೆಯಂತೆ. ತುಂಬಾ ಖುಷಿಯಾಯಿತು. ಇಷ್ಟು ವರ್ಷ ಯಾರಿಗೂ ಹೇಳದ ಒಂದು ವಿಷಯ ಇವತ್ತು ನಿನಗೆ ಬರೆಯಬೇಕು ಅನ್ನಿಸಿತು.

ನರ್ಸ್ ಕೆಲಸಕ್ಕೆ ಸೇರಿದ ಮೊದಲ ವರ್ಷ. ನೈಟ್ ಡ್ಯೂಟಿ. ಆಂಟಿಬಯೋಟಿಕ್ ಪುಡಿ ಕರಗಿಸಲು ಡಿಸ್ಟಿಲ್ಡ್ ವಾಟರ್ ಅಂದುಕೊಂಡು ಒಂದು ಆಂಪ್ಯೂಲ್ (ಕತ್ತು ಮುರಿದು ತೆರೆಯುವ ಇಂಜೆಕ್ಷನ್ನಿನ ಪುಟ್ಟ ಬಾಟಲಿ) ತೆಗೆದೆ. ಇನ್ನೇನು ಅದರ ಕತ್ತು ಮುರಿಯಬೇಕು, ಲೇಬಲ್ ಕಣ್ಣಿಗೆ ಬಿತ್ತು: ಪೊಟ್ಯಾಶಿಯಂ ಕ್ಲೋರೈಡ್. ಎರಡೂ ಒಂದೇ ಟ್ರೇನಲ್ಲಿದ್ದವು. ಅದೇ ಅಳತೆ, ಅದೇ ನೀರಿನ ಬಣ್ಣ. ನೇರವಾಗಿ ರಕ್ತನಾಳಕ್ಕೆ ಹೋಗಿದ್ದರೆ ಹೃದಯ ನಿಲ್ಲುತ್ತಿತ್ತು, ಅಲ್ವಾ?

ಬೆಳಿಗ್ಗೆ ಮುಂದಿನ ಪಾಳಿಯವರಿಗೆ ವಾರ್ಡ್ ಒಪ್ಪಿಸುವ ಹ್ಯಾಂಡೋವರ್‌ನಲ್ಲಿ ನಾನು ಬಾಯಿ ಬಿಡಲಿಲ್ಲ. ಹಿಂದಿನ ವಾರವಷ್ಟೇ ಒಬ್ಬ ಸಿಸ್ಟರ್ ಬೇರೆ ಬೆಡ್‌ನವರಿಗೆ ಮಾತ್ರೆ ಕೊಟ್ಟುಬಿಟ್ಟೆ ಅಂತ ತಾನಾಗಿಯೇ ಬಂದು ಹೇಳಿದ್ದಳು. ರೋಗಿಗೆ ಏನೂ ಆಗಿರಲಿಲ್ಲ. ಆದರೂ ಎಲ್ಲರೆದುರು ಬೈದರು, ಮೆಮೊ ಕೊಟ್ಟರು. ಅದನ್ನು ನೋಡಿದ ನಾವೆಲ್ಲ ಸುಮ್ಮನಿರುವುದನ್ನು ಕಲಿತೆವು. ನಾನು ಹೇಳಲಿಲ್ಲ, ಆ ಟ್ರೇ ಹಾಗೇ ಉಳಿಯಿತು. ಆಮೇಲೆ ಅದಕ್ಕೆ ಯಾರ್ಯಾರ ಕೈ ಹೋಯಿತೋ. ಈ ಯೋಚನೆ ಇವತ್ತಿಗೂ ನಿದ್ದೆ ಕೆಡಿಸುತ್ತದೆ.

ಅಮೆರಿಕದ ನ್ಯಾಶ್‌ವಿಲ್‌ನ ನರ್ಸ್ ರಡೊಂಡಾ ವಾಟ್ ಸುದ್ದಿ ನೆನಪಿದೆಯಾ? 2017ರಲ್ಲಿ ಆತಂಕ ಇಳಿಸುವ ವರ್ಸೆಡ್ ಬದಲು ಸ್ನಾಯುಗಳನ್ನೇ ನಿಶ್ಚಲಗೊಳಿಸುವ ವೆಕ್ಯುರೋನಿಯಂ ಕೊಟ್ಟರು, ರೋಗಿ ತೀರಿಕೊಂಡರು. ಬಾಟಲಿ ಮುಚ್ಚಳದ ಮೇಲೇ ಎಚ್ಚರಿಕೆ ಇತ್ತು, ಅವರು ನೋಡಲಿಲ್ಲ. ಅದು ಸಣ್ಣ ತಪ್ಪಲ್ಲ, ಆ ಮನೆಯವರ ನೋವೂ ಸಣ್ಣದಲ್ಲ. ಆದರೆ ಅವರು ಏನನ್ನೂ ಮುಚ್ಚಿಡಲಿಲ್ಲ, ತಾನೇ ಒಪ್ಪಿಕೊಂಡರು. 2022ರಲ್ಲಿ ಜ್ಯೂರಿ ಅವರನ್ನು ಅಪರಾಧಿ ಎಂದಿತು, ಮೂರು ವರ್ಷ ಪ್ರೊಬೇಷನ್ (ಜೈಲಿನ ಬದಲು ಕೋರ್ಟಿನ ನಿಗಾ) ಆಯಿತು. ಓದಿದ ದಿನ ನನಗೆ ನೆನಪಾದದ್ದು ಮೆಮೊ ಹಿಡಿದು ನಿಂತಿದ್ದ ಆ ಸಿಸ್ಟರ್ ಮುಖ.

ಗುಣಮಟ್ಟಕ್ಕಾಗಿ ಎನ್‌ಎಬಿಎಚ್ ಮಂಡಳಿಯ ಮಾನ್ಯತೆ ಪಡೆದ ಆಸ್ಪತ್ರೆಗಳಲ್ಲಿ, ಆದ ತಪ್ಪನ್ನು ಬರೆದು ತಿಳಿಸುವ ಇನ್ಸಿಡೆಂಟ್ ಫಾರಂ ಇದ್ದೇ ಇರುತ್ತದೆ. ಆದರೆ ಅದನ್ನು ತುಂಬಿದವಳಿಗೆ ಏನಾಯಿತು ಅಂತ ಉಳಿದವರೆಲ್ಲ ನೋಡುತ್ತಿರುತ್ತಾರೆ ಕಣೋ.

ನಾಳೆ ಡ್ಯೂಟಿಗೆ ಹೋದ ತಕ್ಷಣ ನಿನ್ನ ವಾರ್ಡಿನಲ್ಲಿ ಪೊಟ್ಯಾಶಿಯಂ ಎಲ್ಲಿಟ್ಟಿದ್ದಾರೆ ನೋಡು. ಬೇರೆ ಕಡೆ ಬೀಗ ಹಾಕಿ ಇಡಿಸು. ಯಾರಾದರೂ ಜೂನಿಯರ್ ನಡುಗುತ್ತಾ ಬಂದು ತಪ್ಪಾಯಿತು ಅಂದರೆ, ಮೊದಲು ಇಬ್ಬರೂ ರೋಗಿಯ ಹತ್ತಿರ ಓಡಿ. ಆಮೇಲೆ ಅವಳನ್ನು ಕೂರಿಸಿ ಕೇಳು: ಎಷ್ಟು ಬೆಡ್ ನೋಡುತ್ತಿದ್ದೆ, ಔಷಧಿ ಎಲ್ಲಿತ್ತು, ಮಧ್ಯೆ ಯಾರು ಕರೆದರು? ಅವಳ ಮಾತು ಮುಗಿಯುವವರೆಗೆ ಕೇಳು. ಅವತ್ತು ನನ್ನನ್ನು ಯಾರಾದರೂ ಹಾಗೆ ಕೇಳಿದ್ದರೆ, ಆ ಟ್ರೇ ಬಗ್ಗೆ ಹೇಳಿಬಿಡುತ್ತಿದ್ದೆ.

ನಿನ್ನ ಗೆಳತಿ