ಉನ್ನತ ಶಿಕ್ಷಣ ಸಚಿವರಿಗೆ ಬಹಿರಂಗ ಪತ್ರ: ತರಗತಿಯ ಮಾತು ವಾರ್ತೆಯಾಗುವ ಬಗೆ

ಮಾನ್ಯ ಸಚಿವರೇ,

ಮಂಗಳೂರಿನ ಪತ್ರಿಕೆಯೊಂದರ ಡೆಸ್ಕಿನಲ್ಲಿ 31 ವರ್ಷ ಉಪಸಂಪಾದಕನಾಗಿ ದುಡಿದು ನಿವೃತ್ತನಾಗಿ, ಈಗ ಉಡುಪಿಯಲ್ಲಿ ನೆಲೆಸಿ ವಾರಕ್ಕೆರಡು ದಿನ ಕಾಲೇಜೊಂದರಲ್ಲಿ ಪತ್ರಿಕೋದ್ಯಮದ ಪಾಠ ಮಾಡುತ್ತಿರುವವನು ನಾನು. ಅಧ್ಯಾಪಕರ ಬೌದ್ಧಿಕ ಸ್ವಾತಂತ್ರ್ಯದ ಪ್ರಶ್ನೆ ನಮ್ಮ ಮಾಧ್ಯಮಗಳಲ್ಲಿ ಬರೇ ವಿವಾದವಾಗಿ ಮುಗಿದುಹೋಗುವುದರಲ್ಲಿ ತಮ್ಮ ಕಚೇರಿಗೂ ಪಾಲಿದೆ ಎಂದು ತಿಳಿಸಲು ಈ ಪತ್ರ ಬರೆಯುತ್ತಿದ್ದೇನೆ. ನನ್ನ ಪಾಲೂ ಇದೆ, ಅದನ್ನು ಮುಚ್ಚಿಡುವುದಿಲ್ಲ.

ಎರಡು ವರ್ಷಗಳ ಹಿಂದೆ, ನನಗೆ ಪರಿಚಯವಿರುವ ಇತಿಹಾಸದ ಅತಿಥಿ ಉಪನ್ಯಾಸಕಿಯೊಬ್ಬರು ದೇವಾಲಯ ಪ್ರವೇಶ ಚಳವಳಿಗಳ ಪಾಠ ಮಾಡುತ್ತಾ, ಪ್ರವೇಶವನ್ನು ವಿರೋಧಿಸಿದವರ ವಾದವನ್ನು ಮೊದಲು ಅವರದೇ ಧಾಟಿಯಲ್ಲಿ ಓದಿ ಹೇಳಿ, ಆಮೇಲೆ ಅದರ ಒಂದೊಂದೇ ಎಳೆಯನ್ನು ಬಿಡಿಸಿ ತೋರಿಸಿದರು. ಹಿಂದಿನ ಬೆಂಚಿನಿಂದ ತೆಗೆದ 40 ಸೆಕೆಂಡಿನ ತುಣುಕಿನಲ್ಲಿ ಓದಿದ್ದು ಮಾತ್ರ ಇತ್ತು, ಬಿಡಿಸಿದ್ದು ಇರಲಿಲ್ಲ. ಊಟದ ಹೊತ್ತಿಗೆ ಅದು ವಾಟ್ಸ್‌ಆ್ಯಪ್‌ನಲ್ಲಿ ಹರಿದಾಡಿತು, ಸಂಜೆಗೆ ಗೇಟಿನೆದುರು ಮೈಕುಗಳು ಬಂದವು, ಏಳರ ವಾರ್ತೆಗೆ ಅವರು ‘ವಿವಾದಿತ ಉಪನ್ಯಾಸಕಿ’ ಆಗಿದ್ದರು. ಪಾಠದ ಟಿಪ್ಪಣಿಯ ಹನ್ನೊಂದು ಹಾಳೆಗಳನ್ನು ಹಿಡಿದು ಅವರು ಹೊರಬಂದಾಗ ವರದಿಗಾರ ಕೇಳಿದ್ದು, “ಮೇಡಂ, ಎರಡೇ ವಾಕ್ಯದಲ್ಲಿ ಒಂದು ಬೈಟ್ ಕೊಡಿ” ಎಂದು. (ಆ ಹುಡುಗನನ್ನು ನಾನು ದೂರಲಾರೆ, ಏಳರೊಳಗೆ ಕಳಿಸದಿದ್ದರೆ ಬೈಗುಳ ತಿನ್ನುವವನು ಅವನೇ.) ಮರುದಿನ ಬಂದ ನೋಟಿಸೂ ಸುದ್ದಿಯಾಯಿತು. ಅವರ ತಪ್ಪೇನೂ ಇಲ್ಲವೆಂದು ಹೇಳುವ ಒಂದೂವರೆ ಪುಟದ ವಿಚಾರಣಾ ವರದಿ ಮೂರು ತಿಂಗಳ ಮೇಲೆ ಫೈಲು ಸೇರಿತೇ ಹೊರತು ಎಲ್ಲಿಯೂ ಅಚ್ಚಾಗಲಿಲ್ಲ. ಮುಂದಿನ ಸಾಲಿನ ಅತಿಥಿ ಉಪನ್ಯಾಸಕರ ಪಟ್ಟಿಯಲ್ಲಿ ಅವರ ಹೆಸರಿರಲಿಲ್ಲ. ಅಮಾನತು ಮಾಡಿದ್ದರೆ ಸುದ್ದಿಯಾಗುತ್ತಿತ್ತು. ಪಟ್ಟಿಯಿಂದ ಹೆಸರು ಬಿಟ್ಟುಹೋದದ್ದಕ್ಕೆ ಶೀರ್ಷಿಕೆ ಕೊಡಲು ಡೆಸ್ಕಿನಲ್ಲಿರುವ ನಮಗೆ ಬರುವುದಿಲ್ಲ.

ಯುನೆಸ್ಕೊ 1997ರಲ್ಲಿ ಅಂಗೀಕರಿಸಿದ ಶಿಫಾರಸು ಅಧ್ಯಾಪಕರ ಸ್ವಾತಂತ್ರ್ಯವನ್ನು ಬೋಧನೆ, ಚರ್ಚೆ, ಸಂಶೋಧನೆ ಮತ್ತು ಅದರ ಪ್ರಕಟಣೆಗೆ ನಿಲ್ಲಿಸದೆ, ತಾನು ದುಡಿಯುವ ಸಂಸ್ಥೆಯ ಬಗ್ಗೆ ಮುಕ್ತವಾಗಿ ಅಭಿಪ್ರಾಯ ಹೇಳುವ ಹಕ್ಕಿಗೂ ವಿಸ್ತರಿಸುತ್ತದೆ. ಮುಂದಿನ ವರ್ಷ ಕೆಲಸ ಉಂಟೋ ಇಲ್ಲವೋ ಎಂದು ತಿಳಿಯದ ಅತಿಥಿ ಉಪನ್ಯಾಸಕರಿಗೆ ಈ ಹಕ್ಕು ಕಾಗದದ ಮೇಲಷ್ಟೇ ಇರುತ್ತದೆ. ಅವರು ಮುಷ್ಕರ ಹೂಡಿದಾಗ ನಾವು ಅದನ್ನು ಸಂಬಳದ ಸುದ್ದಿಯಾಗಿ ಬರೆಯುತ್ತೇವೆ. ಸೇವಾಭದ್ರತೆ ಇಲ್ಲದವನು ಪಾಠದಲ್ಲಿ ಯಾವ ಯಾವ ಮಾತನ್ನು ನುಂಗಿಕೊಳ್ಳುತ್ತಾನೆ ಎಂದು ಒಬ್ಬರೂ ಕೇಳುವುದಿಲ್ಲ.

ಇನ್ನು ನನ್ನ ತಪ್ಪು. ರಾಷ್ಟ್ರೀಯ ಭದ್ರತೆಗೆ ಅಥವಾ ಭಾರತದ ಆಂತರಿಕ ವಿಷಯಗಳಿಗೆ ಸಂಬಂಧಿಸಿದ ಅಂತರರಾಷ್ಟ್ರೀಯ ಆನ್‌ಲೈನ್ ವಿಚಾರಸಂಕಿರಣಗಳಿಗೆ ಸಾರ್ವಜನಿಕ ವಿಶ್ವವಿದ್ಯಾಲಯಗಳು ಪೂರ್ವಾನುಮತಿ ಪಡೆಯಬೇಕೆಂದು ಕೇಂದ್ರ ಶಿಕ್ಷಣ ಸಚಿವಾಲಯ 2021ರ ಜನವರಿಯಲ್ಲಿ ಸೂಚನೆ ಹೊರಡಿಸಿತು. ‘ಆಂತರಿಕ ವಿಷಯ’ ಎಂಬ ಮಾತಿಗೆ ಗಡಿಯೆಲ್ಲಿ? ಮಂಗಳೂರು ವಿಶ್ವವಿದ್ಯಾಲಯವಿರುವ ಕೊಣಾಜೆಯಲ್ಲಿ ಕುಳಿತು ಕರಾವಳಿಯ ಮೀನುಗಾರಿಕೆಯ ಬಗ್ಗೆ ಪರದೇಶದ ವಿದ್ವಾಂಸರೊಡನೆ ಮಾತಾಡಿದರೂ ಅದು ಆಂತರಿಕವೇ. ವಿಜ್ಞಾನ ಅಕಾಡೆಮಿಗಳು ಆಕ್ಷೇಪಿಸಿದ ಮೇಲೆ, ಫೆಬ್ರವರಿಯಲ್ಲಿ ಆ ಸೂಚನೆಯನ್ನು ಹಿಂದಕ್ಕೆ ಪಡೆಯಲಾಯಿತು. ಸೂಚನೆ ಹೊರಟ ಸುದ್ದಿ ನನ್ನ ಮೇಜಿಗೆ ಬಂದ ರಾತ್ರಿ, ಗಲಾಟೆಯೂ ಫೋಟೋವೂ ಇಲ್ಲವಲ್ಲ ಎಂದುಕೊಂಡು ಅದನ್ನು ಒಳಪುಟದ ಏಕಕಾಲಂ ಮಾಡಿ ಕಳಿಸಿದವನು ನಾನು. ದೇಶದ ಎಲ್ಲ ಸಾರ್ವಜನಿಕ ವಿಶ್ವವಿದ್ಯಾಲಯಗಳಿಗೆ ತಟ್ಟುವ ಆದೇಶಕ್ಕೆ ಸಿಕ್ಕ ಜಾಗ ಅಷ್ಟು.

ದೊಡ್ಡ ಹೆಸರುಗಳಿದ್ದಾಗಲೂ ಬಗೆ ಬೇರೆಯಲ್ಲ. 2019ರ ಲೋಕಸಭಾ ಚುನಾವಣೆಯ ಕುರಿತು ಪ್ರಬಂಧ ಬರೆದ ಅರ್ಥಶಾಸ್ತ್ರದ ಅಧ್ಯಾಪಕ ಸಬ್ಯಸಾಚಿ ದಾಸ್ 2023ರ ಆಗಸ್ಟಿನಲ್ಲಿ ಅಶೋಕ ವಿಶ್ವವಿದ್ಯಾಲಯಕ್ಕೆ ರಾಜೀನಾಮೆ ಕೊಟ್ಟಾಗ, ನಾನು ಓದಿದ ಕನ್ನಡ ವರದಿಗಳಲ್ಲಿ ಯಾವ ಪಕ್ಷ ಏನೆಂದಿತು ಎಂಬುದಿತ್ತು. ಪ್ರಬಂಧದ ಲೆಕ್ಕಾಚಾರ ಸರಿಯೇ ತಪ್ಪೇ ಎಂದು ಇನ್ನೊಬ್ಬ ಅರ್ಥಶಾಸ್ತ್ರಜ್ಞರನ್ನು ಕೇಳಿದ ವರದಿ ಒಂದೂ ಕಣ್ಣಿಗೆ ಬೀಳಲಿಲ್ಲ. ಅಧ್ಯಾಪಕರನ್ನು ಪ್ರಶ್ನಿಸಬಾರದೆಂದು ನಾನು ಹೇಳುತ್ತಿಲ್ಲ. ಪ್ರಶ್ನೆ ಅವರ ವಿಷಯದ ಮೇಲಿರಲಿ ಎನ್ನುತ್ತಿದ್ದೇನೆ.

ಕರ್ನಾಟಕ ರಾಜ್ಯ ವಿಶ್ವವಿದ್ಯಾಲಯಗಳ ಅಧಿನಿಯಮ, 2000ರ ಪ್ರಕಾರ ತಾವು ಸಹಕುಲಾಧಿಪತಿಗಳು. ಯಾವ ಪಕ್ಷದ ಸರ್ಕಾರವೇ ಇರಲಿ, ಬಜ್ಪೆಯಲ್ಲಿ ವಿಮಾನ ಇಳಿದ ಸಚಿವರ ಮುಂದೆ ಮೈಕು ಹಿಡಿದರೆ “ವರದಿ ತರಿಸಿಕೊಂಡು ಕಠಿಣ ಕ್ರಮ ಕೈಗೊಳ್ಳುತ್ತೇವೆ” ಎಂಬ ವಾಕ್ಯ ತಪ್ಪದೆ ಸಿಗುತ್ತದೆ. ವರದಿ ಬರುವ ಮೊದಲೇ ಕ್ರಮ ಕಠಿಣವೆಂದು ನಿರ್ಧಾರವಾಗಿರುತ್ತದೆ. ಪ್ರಾಂಶುಪಾಲರು ಅದನ್ನು ಕೇಳಿಸಿಕೊಂಡೇ ನೋಟಿಸಿಗೆ ಸಹಿ ಹಾಕುತ್ತಾರೆ.

ಆದುದರಿಂದ ನನ್ನ ಕೋರಿಕೆ ಇಷ್ಟು. ತರಗತಿಯ ತುಣುಕೊಂದರ ಬಗ್ಗೆ ಕೇಳಿದಾಗ, ಸಂಸ್ಥೆ ಪೂರ್ಣ ಪಾಠವನ್ನು ಪರಿಶೀಲಿಸುವವರೆಗೆ ಏನನ್ನೂ ಹೇಳುವುದಿಲ್ಲ ಎಂದು ತಾವು ಕ್ಯಾಮೆರಾದ ಎದುರೇ ಹೇಳಬೇಕು. ನೋಟಿಸು ಪತ್ರಿಕೆಗಳಿಗೆ ತಲುಪಿದ್ದರೆ ವಿಚಾರಣೆಯ ಫಲವನ್ನೂ ಅದೇ ಪತ್ರಿಕೆಗಳಿಗೆ ಲಿಖಿತವಾಗಿ ಕಳಿಸುವ ಹೊಣೆ ಕುಲಸಚಿವರ ಮೇಲಿರಬೇಕು. ಸರ್ಕಾರಿ ಕಾಲೇಜುಗಳ ಅಧ್ಯಾಪಕರು ನೌಕರರ ನಡತೆ ನಿಯಮಗಳಿಗೆ ಹೆದರಿ, ತಾವು ಓದಿ ಪಳಗಿದ ವಿಷಯದ ಬಗ್ಗೆಯೂ ಪತ್ರಕರ್ತರೊಡನೆ ಬಾಯಿ ಬಿಡುವುದಿಲ್ಲ. ಅವರು ಸುಮ್ಮನಿದ್ದ ಜಾಗವನ್ನೇ ಕೂಗುವವರು ತುಂಬುತ್ತಾರೆ. ಸ್ವಂತ ವಿಷಯದಲ್ಲಿ ಮಾತಾಡಲು ಅನುಮತಿ ಬೇಡವೆಂದು ಸ್ಪಷ್ಟಪಡಿಸುವ ಸುತ್ತೋಲೆಯೊಂದನ್ನು ಇಲಾಖೆ ಹೊರಡಿಸಬೇಕು.

‘ಮಂಗಳೂರ ಸಮಾಚಾರ’ 1843ರಲ್ಲಿ ಹೊರಬಂದ ಜುಲೈ 1ರ ನೆನಪಿಗೆ ನಾವು ಪ್ರತಿವರ್ಷ ಪತ್ರಿಕಾ ದಿನ ಆಚರಿಸುತ್ತೇವೆ, ಸಚಿವರು ಬಂದು ಭಾಷಣ ಮಾಡುತ್ತಾರೆ. ಮುಂದಿನ ಜುಲೈ 1ಕ್ಕೆ ತಾವು ಬರುವುದಾದರೆ ದಯವಿಟ್ಟು ಆ ಸುತ್ತೋಲೆಯನ್ನು ಜೊತೆಯಲ್ಲಿ ತನ್ನಿ. ಮುಖಪುಟದಲ್ಲಿ ಹಾಕಿರೆಂದು ನನ್ನ ಹಳೆಯ ಡೆಸ್ಕಿನವರಿಗೆ ನಾನೇ ಫೋನು ಮಾಡುತ್ತೇನೆ.

ಇತಿ ತಮ್ಮ ವಿಶ್ವಾಸಿ,
ನಿವೃತ್ತ ಉಪಸಂಪಾದಕ, ಉಡುಪಿ